ಕಾಲಂ ಒಂಬತ್ತು

ಲಿಂಗಸುಗೂರು ಕೋರ್ಟಿನ ಹೊರಗೆ ಬೇವಿನ ನೆರಳು
ಹನ್ನೊಂದಕ್ಕೆಲ್ಲ ನನ್ನ ಮೇಜು ಬಿಟ್ಟು
ಝೆರಾಕ್ಸ್ ಅಂಗಡಿ ಕಡೆ ಸರಿಯುತ್ತದೆ.
ನಾನೂ ಸರಿಯುತ್ತೇನೆ ಮಷೀನು ಎತ್ತಿಕೊಂಡು,
ದಿನಕ್ಕೆ ಮೂರು ಸಲ, ಇಪ್ಪತ್ತಾರು ವರ್ಷದಿಂದ.

ಇವತ್ತು ಬಸವಂತರಾಯ ವಕೀಲರು ತಾವೇ ಇಳಿದು ಬಂದರು:
"ಹುಸೇನಮ್ಮ, ಅರ್ಜೆಂಟ್ ಅದ, ಐದು ಪ್ರತಿ ಹೊಡಿ.
ಹೊಸ ಕಾಯ್ದೆಗೆ ಮ್ಯಾಲಿನವರು ಸಂಘದ ಅಭಿಪ್ರಾಯ ಕೇಳ್ಯಾರ."

ಐದು ಹಾಳೆ, ನಾಲ್ಕು ಕಾರ್ಬನ್, ತಟ್ಟಿ ಸಮ ಮಾಡಿದೆ.
ಇನ್ನು ಮುಂದೆ ಅರ್ಜಿ ಬರೆಯುವವರಿಗೆ ಪದವಿ ಬೇಕಂತೆ,
ಲೈಸೆನ್ಸು ಬೇಕಂತೆ, ಕಂಪ್ಯೂಟರು ಬೇಕಂತೆ,
ತಪ್ಪು ಬರೆದರೆ ದಂಡವಂತೆ.
ಎಲ್ಲ ಕಕ್ಷಿದಾರರ ಹಿತಕ್ಕೆ.

ಸುಳ್ಳಲ್ಲ ಬಿಡ್ರಿ.
ಒಮ್ಮೆ ತಾಂಡಾದ ಸೋಮ್ಲಿಬಾಯಿಯ ಸರ್ವೆ ನಂಬರಿನಲ್ಲಿ
ಆರನ್ನು ಒಂಬತ್ತು ಹೊಡೆದವಳು ನಾನೇ.
ಎರಡು ವರ್ಷ ತಿರುಗಿದಳು ಆಕೆ
ಇನ್ನೊಬ್ಬರ ಹೊಲದ ಹಿಂದೆ.
ನನ್ನನ್ನು ಕೇಳುವವರು ಯಾರೂ ಇರಲಿಲ್ಲ.
ಕೊನೆಗೆ ಗೊತ್ತಾದ ಮೇಲೂ ಆಕೆ ನನ್ನ ಹತ್ತಿರವೇ ಬಂದಳು,
"ತಂಗಿ, ಈಗರ ಸರಿ ಬರಿ," ಅಂತ.
ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಎರಡನೇ ಪುಟ. ಸಮಾನತೆ ಎಂಬ ಮಾತು ಏಳು ಸಲ ಬರುತ್ತದೆ.
ನನ್ನ ಮಷೀನಿನಲ್ಲಿ "ಸ" ಮಾತ್ರ
ಗೆರೆಯಿಂದ ಒಂದೆಳೆ ಕೆಳಗೆ ಬೀಳುತ್ತದೆ.
ರಿಪೇರಿ ಬಲ್ಲವನೊಬ್ಬ ರಾಯಚೂರಿನಲ್ಲಿದ್ದ, ತೀರಿಕೊಂಡ.

ಕಾಲಂ ಒಂಬತ್ತು:
ಹೆಂಗಸರು, ಅಂಗವಿಕಲರು, ಪರಿಶಿಷ್ಟರು, ಅಲ್ಪಸಂಖ್ಯಾತರು,
ಇವರಲ್ಲಿ ಯಾರಿಗಾದರೂ ಈ ನಿಯಮದಿಂದ
ಹೆಚ್ಚಿನ ತೊಂದರೆ ಉಂಟೆ?
ವಕೀಲರ ದುಂಡು ಅಕ್ಷರದಲ್ಲಿ: ಇಲ್ಲ.
ಅಡಿಗೆ ಗೆರೆ ಬೇರೆ.

ಬೆರಳು ಅಲ್ಲೇ ನಿಂತಿತು.
ಸಭೆ ಆದದ್ದು ಸಂಜೆ ಏಳಕ್ಕೆ, ಮೇಲಿನ ಲೈಬ್ರರಿಯಲ್ಲಿ.
ಇಪ್ಪತ್ತೆರಡು ಮೆಟ್ಟಿಲು.
ಊರುಗೋಲಿನ ಸಾಬಣ್ಣ, ಸ್ಟಾಂಪು ಮಾರುವವ,
ಇಷ್ಟು ವರ್ಷದಲ್ಲಿ ಆ ಮೆಟ್ಟಿಲ ಬುಡದಲ್ಲಿ ಕೂತಿದ್ದಾನೆ, ಹತ್ತಿಲ್ಲ.
ಗುರುಗುಂಟಾಕ್ಕೆ ಹೋಗುವ ನನ್ನ ಬಸ್ಸು ಆರೂವರೆಗೆ.
ಮಧ್ಯಾಹ್ನ ಇಟ್ಟಿದ್ದರೂ ಕರೆಯುತ್ತಿದ್ದರೋ ಇಲ್ಲವೋ.
ಕರೆದಿದ್ದರೆ ನನ್ನನ್ನು ಯಾವ ಸಾಲಿಗೆ ಕೂಡಿಸುತ್ತಿದ್ದರು?
ಮುದಗಲ್ಲಿನ ಆಲೈ ದೇವರಿಗೆ ಅವ್ವ ಹೊತ್ತ ಹರಕೆ ನಾನು,
ಹೆಸರಲ್ಲಿ ಹುಸೇನ, ಮನೆ ಗೋಡೆಯಲ್ಲಿ ಹುಲಿಗೆಮ್ಮ.
ಏಳನೇ ಇಯತ್ತೆ ಪಾಸು.

ಎದುರಿಗೆ ಹಟ್ಟಿಯ ದ್ಯಾವಣ್ಣ ಕೂತಿದ್ದಾನೆ, ಕಿವಿ ಕೇಳದು, ಮಾತು ಬಾರದು.
ಗಣಿಯವರು ಕೊಡದ ಪಗಾರದ ಕಥೆಯನ್ನು
ನಾಲ್ಕು ದಿನ ಕೈಯಲ್ಲೇ ಹೇಳಿದ್ದಾನೆ.
ಮುಷ್ಟಿ ಕೆಳಗಿಳಿದರೆ ಗಣಿ,
ಹೆಬ್ಬೆರಳು ತೋರುಬೆರಳಿಗೆ ಉಜ್ಜಿದರೆ ರೊಕ್ಕ,
ಅಂಗೈ ಮಗುಚಿದರೆ ಮೇಸ್ತ್ರಿ.
ಪದವಿ ಇದ್ದವರು ಕಲಿತಾರು, ಕಲಿಯಬಾರದು ಅಂತಲ್ಲ.
ಆದರೆ ಇಪ್ಪತ್ತು ರೂಪಾಯಿಗೆ ನಾಲ್ಕು ದಿನ ಯಾರು ಕೂತಾರು?

"ಆಯ್ತೇನು?" ಮೇಲಿನ ಕಿಟಕಿಯಿಂದ ರಾಯರು.
"ಆಯ್ತ್ರಿ."

ಇ. ಲ್ಲ.
ಬೆರಳು ಹಗುರ ಬಿತ್ತೋ, ಕಾರ್ಬನ್ ಹಳೆಯದೋ,
ಮೊದಲ ಪ್ರತಿಯಲ್ಲಿ ಮಾತ್ರ ಇಲ್ಲ ಚೆನ್ನಾಗಿ ಮೂಡಿದೆ.
ಎರಡು ಮೂರರಲ್ಲಿ ಬೂದಿ ಬಣ್ಣ, ನಾಲ್ಕರಲ್ಲಿ ಬರೀ ನೆರಳು,
ಐದರಲ್ಲಿ ಪ್ರಶ್ನೆ ಒಂದೇ ಉಳಿದಿದೆ.

ರಾಯರು ಎಣಿಸಿದರು, ಓದಲಿಲ್ಲ.
ಐವತ್ತರ ನೋಟು ಕೊಟ್ಟು, ಚಿಲ್ಲರೆ ಬೇಡ ಅಂದರು.
ದ್ಯಾವಣ್ಣ ಆ ನೋಟು ನೋಡಿ,
ಆಮೇಲೆ ನನ್ನ ಮುಖ ನೋಡಿ,
ಅಂಗೈ ಮಗುಚಿ ನಕ್ಕ.

ಹೊಸ ಹಾಳೆ ಸುತ್ತಿದೆ.
ನೆರಳು ಆಗಲೇ ಝೆರಾಕ್ಸ್ ಅಂಗಡಿ ದಾಟಿತ್ತು.